ಅರ್ಥ ಕೊನೆಗಿರಲಿ, ಮೊದಲು ಬೆಳಕು ನೋಡಿ: ಚಿತ್ರ ನೋಡುವ ನನ್ನ ಕ್ರಮ

ಗ್ಯಾಲರಿಗೆ ಹೊಸದಾಗಿ ಹೋಗುವವರನ್ನು ಕಾಡುವ ಪ್ರಶ್ನೆ ‘ಇದರ ಅರ್ಥ ಏನು?’ ನಾನು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಮೊದಲು ಕೇಳಿಕೊಳ್ಳುವುದು ಎರಡೇ: ಬೆಳಕು ಎಲ್ಲಿಂದ ಬರುತ್ತಿದೆ? ಇದನ್ನು ಯಾವುದರಿಂದ, ಯಾವುದರ ಮೇಲೆ ಮಾಡಿದ್ದಾರೆ? ಎರಡಕ್ಕೂ ಉತ್ತರ ಕಣ್ಣೆದುರೇ ಇರುತ್ತದೆ.

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ‘ದೀಪ ಹಿಡಿದ ಮಹಿಳೆ’ಯಿಂದ ಶುರು ಮಾಡಬಹುದು. ರವಿವರ್ಮನ ಚಿತ್ರವೆಂದು ಈಗಲೂ ಹೇಳುವವರಿದ್ದಾರೆ. ಬರೆದವರು ಎಸ್.ಎಲ್. ಹಲ್ದಣಕರ್, 1945–46ರ ಸುಮಾರಿಗೆ. ತೈಲವರ್ಣವೂ ಅಲ್ಲ, ಕಾಗದದ ಮೇಲಿನ ಜಲವರ್ಣ. ‘ನಿಜವಾದ ದೀಪದ ಹಾಗೇ ಇದೆ’ ಎಂದು ಹೇಳಿ ಜನ ಮುಂದೆ ಹೋಗಿಬಿಡುತ್ತಾರೆ. ಹಾಗೆ ಕಾಣುವುದು ಹೇಗೆ ಎಂಬುದೇ ಅಲ್ಲಿ ನೋಡಬೇಕಾದ ವಿಷಯ. ದೀಪಕ್ಕೆ ಅಡ್ಡ ಹಿಡಿದ ಕೈಯಿಂದ ಆರಂಭಿಸಿ. ಬೆಳಕು ಬೆರಳುಗಳ ಹಿಂದಿರುವುದರಿಂದ ಅವು ಕೆಂಪೇರಿವೆ. ಅಲ್ಲಿಂದ ಮುಖಕ್ಕೆ, ಸೀರೆಯ ನೆರಿಗೆಗಳಿಗೆ ಹೋಗುತ್ತಾ ಬೆಳಕು ಎಲ್ಲೆಲ್ಲಿ ಎಷ್ಟು ಕುಗ್ಗುತ್ತದೆ ಎಂದು ಕಣ್ಣಲ್ಲೇ ಹಿಂಬಾಲಿಸಿ. ಈಗ ಮುಷ್ಟಿಯನ್ನು ಕೊಳವೆಯಂತೆ ಮಾಡಿ, ಒಂದು ಕಣ್ಣು ಮುಚ್ಚಿ, ಬೆರಳುಗಳಷ್ಟೇ ಕಾಣುವಂತೆ ನೋಡಿ. ಹೊಳಪು ಕುಂದಿ, ಬರೀ ಕಿತ್ತಳೆ ಬಣ್ಣವಾಗಿ ಕಾಣುತ್ತದೆ. ಕೈ ತೆಗೆದರೆ ಮತ್ತೆ ಹೊಳೆಯುತ್ತದೆ. ಬೆಳಗಿಸುತ್ತಿರುವುದು ಸುತ್ತಲಿನ ಕತ್ತಲು. ಪಾರದರ್ಶಕ ಜಲವರ್ಣದಲ್ಲಿ ಬಿಳಿ ಎಂದರೆ ಬಣ್ಣ ಹಚ್ಚದೆ ಬಿಟ್ಟ ಕಾಗದ. ಒಮ್ಮೆ ಗಾಢವಾಗಿ ಹಚ್ಚಿದ ಜಾಗಕ್ಕೆ ಆ ಬೆಳಕನ್ನು ಮರಳಿ ತರುವುದು ಬಲು ಕಷ್ಟ. ಇಷ್ಟು ತಿಳಿದ ಮೇಲೆ ಚಿತ್ರದ ಕಷ್ಟ ಏನೆಂಬುದು ತಾನಾಗಿ ಕಾಣತೊಡಗುತ್ತದೆ.

ಯಾವ ಚಿತ್ರಕ್ಕಾದರೂ ನಾನು ಹದಿನೈದು ನಿಮಿಷ ಕೊಡುತ್ತೇನೆ, ಒಂದು ಭೇಟಿಗೆ ಮೂರು ಚಿತ್ರಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದಿಲ್ಲ. ಟಿಕೆಟ್ ದುಡ್ಡು ವಸೂಲಾಗಲಿ ಎಂದು ಎಲ್ಲ ಕೋಣೆ ಸುತ್ತಿದರೆ ಕಾಲು ನೋವೊಂದೇ ಲಾಭ. ಚಿತ್ರದ ಕರ್ಣದ, ಅಂದರೆ ಮೂಲೆಯಿಂದ ಎದುರು ಮೂಲೆಗಿರುವ ಅಳತೆಯ, ಎರಡರಷ್ಟು ದೂರ ನಿಂತು ಮೊದಲು ಕಣ್ಣು ಕಿರಿದು ಮಾಡಿ ನೋಡುತ್ತೇನೆ. ವಿವರಗಳು ಅಳಿಸಿ, ನಾಲ್ಕೈದು ಕಪ್ಪು-ಬಿಳುಪಿನ ರಾಶಿಗಳಷ್ಟೇ ಉಳಿಯುತ್ತವೆ. ಅವನ್ನು ಬೆಂಕಿಪೊಟ್ಟಣದಷ್ಟು ಚೌಕದಲ್ಲಿ ಪೆನ್ಸಿಲಿನಿಂದ ಗೀಚಿಕೊಳ್ಳುತ್ತೇನೆ. ಚಿತ್ರ ಬರೆಯಲು ಬರಬೇಕೆಂದೇನೂ ಇಲ್ಲ. ಪೆನ್ನು ಬೇಡ, ಗೀಚಲು ಬಿಡುತ್ತಾರಾ ಎಂದು ಕಾವಲುಗಾರರನ್ನು ಮೊದಲೇ ಕೇಳಿಬಿಡಿ. ಆಮೇಲೆ ತಡೆಹಗ್ಗದವರೆಗೆ ಹತ್ತಿರ ಹೋಗಿ ಕುಂಚದ ಗುರುತು ನೋಡುವುದು. ಕೊನೆಗೆ ಪಕ್ಕದಿಂದ. ಗಾಜಿನಲ್ಲಿ ನಿಮ್ಮದೇ ಪ್ರತಿಬಿಂಬ ಅಡ್ಡ ಬರುತ್ತಿದ್ದರೆ ಅರ್ಧ ಹೆಜ್ಜೆ ಸರಿಯಿರಿ. ಗಾಢ ಬಣ್ಣದ ಅಂಗಿ ಹಾಕಿಕೊಂಡು ಹೋದರೆ ಕಾಟ ಇನ್ನೂ ಕಡಿಮೆ. ಕೆಳಗಿನ ಚೀಟಿ ಓದುವುದು ಎಲ್ಲಕ್ಕಿಂತ ಕೊನೆಗೆ. ದೊಡ್ಡ ಹೆಸರು ಕಂಡ ತಕ್ಷಣ ಕಣ್ಣು ಕೆಲಸ ನಿಲ್ಲಿಸುತ್ತದೆ.

ಪಕ್ಕದಿಂದ ನೋಡುವುದರ ಬೆಲೆ ಮೈಸೂರು ಶೈಲಿಯ ಚಿತ್ರಗಳ ಮುಂದೆ ತಿಳಿಯುತ್ತದೆ. ಬಿಳಿ ಪುಡಿಗೆ ಅಂಟು ಬೆರೆಸಿದ ಲೇಪದಿಂದ ಒಡವೆ, ಪ್ರಭಾವಳಿಗಳನ್ನು ತೆಳುವಾಗಿ ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕು ಅಂಟಿಸಿರುತ್ತಾರೆ. ಎದುರು ನಿಂತರೆ ಹಳದಿ ಪಟ್ಟಿಯಂತೆ ಕಾಣುವುದು ಪಕ್ಕಕ್ಕೆ ಬಂದರೆ ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತದೆ. ತಂಜಾವೂರಿನದರಲ್ಲಿ ಉಬ್ಬು ದಪ್ಪ, ಹರಳುಗಳೂ ಉಂಟು. ಎರಡನ್ನೂ ಒಮ್ಮೆ ಹೀಗೆ ನೋಡಿದರೆ ಮತ್ತೆ ಗೊಂದಲವಾಗುವುದಿಲ್ಲ. ಮನೆಯಲ್ಲಿ ಹಳೇ ದೇವರ ಪಟ ಇದ್ದರೆ ಹತ್ತು ಪಟ್ಟಿನ ಭೂತಗನ್ನಡಿ ಹಿಡಿಯಿರಿ. ಕ್ರಮವಾಗಿ ಸಾಲುಗಟ್ಟಿದ ಚುಕ್ಕೆಗಳಿದ್ದರೆ ಈಚಿನ ಆಫ್‌ಸೆಟ್ ಮುದ್ರಣ. ಅಡ್ಡಾದಿಡ್ಡಿ ಚುಕ್ಕೆಗಳಿದ್ದರೆ ಕಲ್ಲಚ್ಚಿನದಿರಬಹುದು (ಕಲ್ಲಿನ ಮೇಲೆ ಚಿತ್ರ ಬರೆದು ಅಚ್ಚು ತೆಗೆಯುವ ಲಿಥೊಗ್ರಾಫ್). 1894ರಲ್ಲಿ ಶುರುವಾದ ರವಿವರ್ಮ ಪ್ರೆಸ್ಸಿನ ಪಟಗಳು ಆ ಬಗೆಯವು.

ಶ್ರೀರಂಗಪಟ್ಟಣದಲ್ಲಿರುವ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನ ಪಶ್ಚಿಮ ಗೋಡೆಗೆ ಬೇರೆ ಉಪಾಯ ಬೇಕು. 1780ರ ಪೊಳ್ಳಿಲೂರು ಯುದ್ಧದ ಆ ಚಿತ್ರವನ್ನು ಒಂದೇ ನೋಟದಲ್ಲಿ ಹಿಡಿಯಲು ಹೊರಟರೆ ಕುದುರೆ, ಕತ್ತಿಗಳ ಗದ್ದಲವಷ್ಟೇ ಸಿಗುತ್ತದೆ. ಇಂಗ್ಲಿಷರ ಚೌಕಾಕಾರದ ವ್ಯೂಹವನ್ನು ಮೊದಲು ಹುಡುಕಿ. ಅದರ ನಡುವೆ ಪಲ್ಲಕ್ಕಿಯಲ್ಲಿ ಅವರ ಸೇನಾನಾಯಕ ಕರ್ನಲ್ ಬೇಲಿ (Baillie) ಕೂತಿದ್ದಾನೆ. ಮದ್ದಿನ ಬಂಡಿ ಸಿಡಿಯುವುದನ್ನು ನಂತರ ನೋಡಿ, ಅಲ್ಲಿಂದ ಹೊರಗೆ ಹೈದರ್, ಟಿಪ್ಪು ಇರುವ ಕಡೆಗೆ ಬನ್ನಿ. ದೂರದವರು ಚಿಕ್ಕವರಾಗಿ ಕಾಣಬೇಕೆಂಬ ನಿಯಮ ಇಲ್ಲಿಲ್ಲ, ದೂರವಿದ್ದವರನ್ನು ಮೇಲೆ ಜೋಡಿಸಿದ್ದಾರೆ. ಅದನ್ನು ದೋಷವೆಂದು ಎಣಿಸಿದರೆ ಇಡೀ ಗೋಡೆ ಕೈತಪ್ಪುತ್ತದೆ. ಒಂದು ಮಾತು: ಇದನ್ನು ಆಮೇಲೆ ತಿದ್ದಿ ಬರೆದಿದ್ದಾರೆ. ಹಾಗಾಗಿ ಬಣ್ಣವನ್ನು ನೋಡಿ ಟಿಪ್ಪು ಕಾಲದ್ದೇ ಎಂದು ತೀರ್ಮಾನಿಸಬೇಡಿ.

ಅಮೂರ್ತ ಚಿತ್ರಗಳ ಮುಂದೆ ತಡವರಿಸುವವರು ನೇರ ಅಲ್ಲಿಗೆ ಹೋಗದೆ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳ ದಾರಿ ಹಿಡಿಯಬಹುದು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಅವರ ಹೆಸರಿನ ಗ್ಯಾಲರಿಯೇ ಇದೆ. ಗೆರೆ ಎಲ್ಲಿ ಶುರುವಾಯಿತು, ಎಲ್ಲಿ ಓಡಿತು, ಎಲ್ಲಿ ತಿರುಗಿತು ಎಂದು ಗಾಳಿಯಲ್ಲಿ ಬೆರಳಾಡಿಸಿ ನೋಡಿ. ಆಮೇಲೆ ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ. ಸೋಮವಾರ ಅದಕ್ಕೆ ರಜೆ.

ಚಿತ್ರಕಲಾ ಪರಿಷತ್ತು ಜನವರಿಯಲ್ಲಿ ನಡೆಸುವ ಚಿತ್ರಸಂತೆಗೆ ಹೋದರೆ ಬೆಳಿಗ್ಗೆ ಬೇಗ ಹೋಗಿ, ಮಧ್ಯಾಹ್ನದ ಹೊತ್ತಿಗೆ ಕುಮಾರಕೃಪಾ ರಸ್ತೆಯಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಅಲ್ಲಿ ಕಲಾವಿದರೇ ಎದುರಿಗೆ ಸಿಗುತ್ತಾರೆ. ‘ಇದೇನು ಸಾರ್?’ ಅಂದರೆ ಬಾಯಿಪಾಠದ ಉತ್ತರ ಬರುತ್ತದೆ. ‘ಮೊದಲು ಯಾವ ಬಣ್ಣ ಹಾಕಿದ್ರಿ, ಕೊನೆಗೆ ಯಾವುದು? ಎಲ್ಲಿ ಅಳಿಸಿ ಮತ್ತೆ ಮಾಡಿದ್ರಿ?’ ಅಂತ ಕೇಳಿ. ಕುರ್ಚಿಯಿಂದೆದ್ದು ಬಂದು ತೋರಿಸುತ್ತಾರೆ.