ಆಂಟೆನಾ ಸಂಶೋಧನೆಯಲ್ಲೇ ಮುಂದುವರಿಯಬೇಕು ಅನ್ನುವವರಿಗೆ

ಸಿಮ್ಯುಲೇಷನ್ ಸಾಫ್ಟ್‌ವೇರ್ ತೆರೆಯುವುದು, ಪ್ಯಾಚಿನಲ್ಲಿ (ಆಂಟೆನಾ ಆಗಿ ಕೆಲಸ ಮಾಡುವ ಚಪ್ಪಟೆ ಲೋಹದ ತುಂಡಿನಲ್ಲಿ) ಒಂದು ಸ್ಲಾಟ್ ಕೊರೆಯುವುದು, ವಾಪಸ್ ಬರುವ ಶಕ್ತಿ ತೋರಿಸುವ ಗ್ರಾಫ್ ಕೆಳಗಿಳಿಯುವ ತನಕ ಅಳತೆಗಳನ್ನು ಅತ್ತಿತ್ತ ಎಳೆದಾಡುವುದು, ಕೊನೆಗೆ ಬಂದದ್ದನ್ನೇ ಪೇಪರ್ ಮಾಡುವುದು. ಈ ಕ್ಷೇತ್ರಕ್ಕೆ ಬರುವ ಬಹಳ ಜನ ಶುರು ಮಾಡುವುದೇ ಹೀಗೆ. ಇದರಿಂದ ಪದವಿ ಸಿಗಬಹುದು. ಆದರೆ ಜೀವನಪೂರ್ತಿ ಇಲ್ಲೇ ಪಾಠ ಮಾಡಿಕೊಂಡು, ಸಂಶೋಧನೆ ಮಾಡಿಕೊಂಡು ಇರಬೇಕು ಅನ್ನುವವರಿಗೆ ಇಷ್ಟು ಸಾಲದು. ಕೈಲೆಕ್ಕ, ಸಿಮ್ಯುಲೇಷನ್, ಅಳತೆ ಈ ಮೂರೂ ಬೇಕು, ಒಂದು ಹೇಳಿದ್ದನ್ನು ಇನ್ನೊಂದರಿಂದ ಪರೀಕ್ಷೆ ಮಾಡದೆ ನಂಬಬಾರದು.

ಮೊದಲು ಕೈಲೆಕ್ಕ. ವೆಕ್ಟರ್ ಕ್ಯಾಲ್ಕುಲಸ್, ಟ್ರಾನ್ಸ್‌ಮಿಷನ್ ಲೈನ್, ಸ್ಮಿತ್ ಚಾರ್ಟ್ ಇವೆಲ್ಲ ಪರೀಕ್ಷೆಗೆ ಓದಿ ಮರೆಯುವ ವಿಷಯ ಅಲ್ಲ. ಮ್ಯಾಕ್ಸ್‌ವೆಲ್ 1865ರಲ್ಲಿ ಪ್ರಕಟಿಸಿದ ವಿದ್ಯುತ್ಕಾಂತ ಸಿದ್ಧಾಂತವನ್ನು ಇವತ್ತು ನಾವು ಬರೆಯುವ ನಾಲ್ಕು ಸಮೀಕರಣಗಳ ರೂಪಕ್ಕೆ ತಂದವರಲ್ಲಿ ಹೆವಿಸೈಡ್ ಮುಖ್ಯ. ಆ ನಾಲ್ಕರಿಂದ ಹೊರಟು ಅರ್ಧ ತರಂಗದ ಡೈಪೋಲ್ (ತರಂಗದ ಅರ್ಧದಷ್ಟು ಉದ್ದದ ತಂತಿ ಆಂಟೆನಾ) ತನಕ ಒಮ್ಮೆಯಾದರೂ ಪೆನ್ನು ಹಿಡಿದು ಹೋಗಿ ಬನ್ನಿ. ಅದರ ರೆಸಿಸ್ಟೆನ್ಸ್ ಸುಮಾರು 73 ಓಮ್, ಗೇನ್ (ಎಲ್ಲ ದಿಕ್ಕಿಗೂ ಸಮನಾಗಿ ಕಳಿಸುವ ಆಂಟೆನಾಗಿಂತ ಒಂದು ದಿಕ್ಕಿಗೆ ಎಷ್ಟು ಹೆಚ್ಚು ಕಳಿಸುತ್ತದೆ ಅನ್ನುವುದು) 2.15 ಡಿಬಿಐ ಅಂತ ಎಲ್ಲರೂ ಹೇಳುತ್ತಾರೆ. ಯಾಕೆ ಅಷ್ಟೇ ಬರುತ್ತದೆ ಅನ್ನುವುದು ನಿಮ್ಮ ಹಾಳೆಯಲ್ಲೇ ಕಾಣಬೇಕು.

ಆಮೇಲೆ ಸಣ್ಣ ಕೋಡ್ ಬರೆಯಿರಿ. ಒಂದು ಆಯಾಮದ ಎಫ್‌ಡಿಟಿಡಿ (ಜಾಗ ಮತ್ತು ಸಮಯವನ್ನು ಚಿಕ್ಕ ತುಂಡು ಮಾಡಿ ಮ್ಯಾಕ್ಸ್‌ವೆಲ್ ಸಮೀಕರಣ ಬಿಡಿಸುವ ವಿಧಾನ) ಒಂದೆರಡು ಪುಟದಲ್ಲಿ ಮುಗಿಯುತ್ತದೆ. ಕೇನ್ ಯೀ 1966ರಲ್ಲಿ ಕೊಟ್ಟ ಗ್ರಿಡ್ ಇವತ್ತಿಗೂ ಹಲವು ಸಾಫ್ಟ್‌ವೇರ್‌ಗಳ ಒಳಗೆ ಕೆಲಸ ಮಾಡುತ್ತಿದೆ. ಅದನ್ನು ಸ್ವತಃ ಬರೆದವರಿಗೆ ಮೆಶ್ (ಲೆಕ್ಕಕ್ಕಾಗಿ ಜಾಗವನ್ನು ತುಂಡು ಮಾಡಿದ ಜಾಲ) ಅಂದರೆ ಏನು, ಬೌಂಡರಿ ಹತ್ತಿರ ಬಂದರೆ ಏನಾಗುತ್ತದೆ ಅನ್ನುವುದು ಹೇಳಿಕೊಡದೆಯೇ ಗೊತ್ತಾಗುತ್ತದೆ. ದುಬಾರಿ ಲೈಸೆನ್ಸ್ ಇಲ್ಲ ಅಂತ ಸುಮ್ನೆ ಕೂರಬೇಡಿ, ಓಪನ್‌ಇಎಂಎಸ್ ಮತ್ತು ಎನ್‌ಇಸಿ2 ಉಚಿತವಾಗಿ ಸಿಗುತ್ತವೆ. ಯಾವುದನ್ನೇ ಬಳಸಿ, ಮೆಶ್ ಇನ್ನಷ್ಟು ಸಣ್ಣದು ಮಾಡಿ ಮತ್ತೆ ಓಡಿಸಿ. ರೆಸೊನೆನ್ಸ್ ಫ್ರೀಕ್ವೆನ್ಸಿ ಜಾಗ ಬದಲಿಸಿದರೆ ನಿಮ್ಮ ಹತ್ತಿರ ಇರುವುದು ಇನ್ನೂ ಉತ್ತರ ಅಲ್ಲ.

ಈಗ ಅಳತೆ. ನನ್ನ ಪ್ರಕಾರ ಸಂಶೋಧಕರು ತಯಾರಾಗುವುದು ಇಲ್ಲೇ, ಹೊಸಬರು ತಪ್ಪಿಸಿಕೊಳ್ಳುವುದೂ ಇದನ್ನೇ. 2.4 ಗಿಗಾಹರ್ಟ್ಸ್‌ಗೆ ತರಂಗದ ಉದ್ದ 125 ಮಿಲಿಮೀಟರ್, ಅದರ ಕಾಲು ಭಾಗ ಸುಮಾರು 31. ಒಂದು ಎಸ್‌ಎಂಎ ಕನೆಕ್ಟರ್‌ಗೆ ಅಷ್ಟುದ್ದದ ತಂತಿ ಬೆಸುಗೆ ಹಾಕಿ, ಕೆಳಗೆ ತಾಮ್ರದ ತಗಡು ಕೊಟ್ಟು, ಕಳಿಸಿದ ಸಿಗ್ನಲ್‌ನಲ್ಲಿ ಎಷ್ಟು ವಾಪಸ್ ಬಂತು ಅಂತ ಅಳೆಯುವ ವೆಕ್ಟರ್ ನೆಟ್‌ವರ್ಕ್ ಅನಲೈಸರ್‌ಗೆ ಜೋಡಿಸಿ. ಕ್ಯಾಲಿಬ್ರೇಷನ್ ಕೇಬಲ್ಲಿನ ತುದಿಯಲ್ಲೇ ಆಗಬೇಕು. ಟ್ರೇಸ್ ನೋಡುತ್ತಾ ಕೇಬಲ್ಲನ್ನು ಕೈಯಿಂದ ಹಿಡಿಯಿರಿ. ಗ್ರಾಫ್ ಅಲುಗಾಡಿತೇ? ಹಾಗಾದರೆ ಕೇಬಲ್ಲಿನ ಹೊರಮೈ ಮೇಲೂ ಕರೆಂಟ್ ಹರಿಯುತ್ತಿದೆ, ನೀವು ಅಳೆಯುತ್ತಿರುವುದು ಆಂಟೆನಾ ಮಾತ್ರ ಅಲ್ಲ, ಆಂಟೆನಾ ಜೊತೆಗೆ ಕೇಬಲ್ಲು. ಆ ಕರೆಂಟನ್ನು ತಡೆಯುವ ಬೇಲನ್ ಅಥವಾ ಫೆರೈಟ್ ಹಾಕಿ ಮತ್ತೆ ನೋಡಿ.

ಎಸ್11 (ಆಂಟೆನಾದಿಂದ ವಾಪಸ್ ಬರುವ ಸಿಗ್ನಲ್ಲಿನ ಅಳತೆ) ಮೈನಸ್ 10 ಡಿಬಿ ಬಂದ ಕೂಡಲೇ ಆಂಟೆನಾ ಚೆನ್ನಾಗಿದೆ ಅನ್ನುವ ಅಭ್ಯಾಸ ಬಿಡಬೇಕು. ಆ ಸಂಖ್ಯೆ ಹೇಳುವುದು ಶೇಕಡಾ 10ರಷ್ಟು ಶಕ್ತಿ ವಾಪಸ್ ಬಂತು ಅಂತ ಮಾತ್ರ. ಉಳಿದ 90 ಗಾಳಿಗೆ ಹೋಯಿತೋ, ಬೋರ್ಡಿನಲ್ಲೇ ಬಿಸಿಯಾಗಿ ಕರಗಿತೋ ಅದಕ್ಕೆ ಗೊತ್ತಿಲ್ಲ. ಆಂಟೆನಾ ಬದಲು 50 ಓಮಿನ ರೆಸಿಸ್ಟರ್ ಇಟ್ಟರೆ ಎಸ್11 ಅದ್ಭುತವಾಗಿ ಬರುತ್ತದೆ, ರೇಡಿಯೇಷನ್ ಮಾತ್ರ ಇಲ್ಲವೇ ಇಲ್ಲ ಅನ್ನಬಹುದು. ಅದಕ್ಕೇ ಗೇನ್ ಮತ್ತು ಎಫಿಷಿಯನ್ಸಿ ಅಳೆಯಬೇಕು. ಪ್ಯಾಟರ್ನ್ (ಯಾವ ದಿಕ್ಕಿಗೆ ಎಷ್ಟು ಶಕ್ತಿ ಹೋಗುತ್ತದೆ ಅನ್ನುವುದು) ಅಳೆಯುವಾಗ ಫಾರ್ ಫೀಲ್ಡ್ ದೂರ (ಪ್ಯಾಟರ್ನ್ ಸ್ಥಿರವಾಗುವ ದೂರ) ಲೆಕ್ಕ ಹಾಕಿ: ಆಂಟೆನಾ ಅಗಲದ ವರ್ಗದ ಎರಡರಷ್ಟನ್ನು ತರಂಗದ ಉದ್ದದಿಂದ ಭಾಗಿಸಬೇಕು. 10 ಗಿಗಾಹರ್ಟ್ಸ್‌ನಲ್ಲಿ 30 ಸೆಂಟಿಮೀಟರ್ ಡಿಶ್‌ಗೆ ಅದು 6 ಮೀಟರ್. ಸಣ್ಣ ಆನೆಕೋಯಿಕ್ ಚೇಂಬರಿನಲ್ಲಿ (ಗೋಡೆಗಳು ತರಂಗವನ್ನು ಹೀರಿಕೊಳ್ಳುವ ಕೋಣೆಯಲ್ಲಿ) ಅಷ್ಟು ಜಾಗ ಇರುವುದಿಲ್ಲ. ಆಗ ಹತ್ತಿರದಲ್ಲೇ ಅಳೆದು ದೂರದ್ದನ್ನು ಲೆಕ್ಕ ಹಾಕುವ ನಿಯರ್ ಫೀಲ್ಡ್ ಅಳತೆ ಕಲಿಯಬೇಕಾಗುತ್ತದೆ, ಅದೂ ಒಳ್ಳೆಯದೇ.

ವಿಷಯ ಆರಿಸುವಾಗ ಹೊಸ ಆಕಾರ ಹುಡುಕಬೇಡಿ, ಭೌತಿಕ ಮಿತಿ ಎಲ್ಲಿದೆ ಅಂತ ಹುಡುಕಿ. ಚಿಕ್ಕ ಆಂಟೆನಾದ ಬ್ಯಾಂಡ್‌ವಿಡ್ತ್‌ಗೆ ಒಂದು ಮಿತಿ ಇದೆ ಅಂತ ಎಲ್.ಜೆ. ಚು ಅನ್ನುವ ಸಂಶೋಧಕರು 1948ರಲ್ಲೇ ತೋರಿಸಿದರು. ನಿಮ್ಮ ಪುಟ್ಟ ಆಂಟೆನಾ ಆ ಮಿತಿಯನ್ನು ದಾಟಿದಂತೆ ಕಂಡರೆ ಖುಷಿಪಡುವ ಮೊದಲು ಲಾಸ್ ಎಲ್ಲಿದೆ, ಕೇಬಲ್ ರೇಡಿಯೇಟ್ ಮಾಡುತ್ತಿದೆಯೇ ಅಂತ ನೋಡಿ. ಆ ಮಿತಿಗೆ ಎಷ್ಟು ಹತ್ತಿರ ಹೋಗಬಹುದು, ಅದಕ್ಕೆ ಏನು ಬೆಲೆ ತೆರಬೇಕು ಅನ್ನುವುದು ವರ್ಷಗಟ್ಟಲೆ ಕೆಲಸ ಕೊಡುವ ಪ್ರಶ್ನೆ. ಎಂಆರ್‌ಐ ಕಾಯಿಲ್, ರೇಡಿಯೋ ಟೆಲಿಸ್ಕೋಪ್, ರೇಡಾರ್, ದೇಹದೊಳಗೆ ಇಡುವ ಸಾಧನ ಇವುಗಳಲ್ಲಿ ಕೆಲಸ ಮಾಡುವವರ ಜೊತೆ ಮಾತಾಡಿ. ನಿಜವಾದ ತೊಂದರೆ ಏನು ಅಂತ ಅವರೇ ಹೇಳುತ್ತಾರೆ.

ಗೈಡ್ ಆರಿಸುವಾಗ ಪೇಪರ್ ಎಣಿಸುವುದಕ್ಕಿಂತ ಅವರ ಹಳೆಯ ವಿದ್ಯಾರ್ಥಿಗಳನ್ನು ಕೇಳಿ: ಚೇಂಬರ್ ಬಳಸಲು ಸರದಿ ಎಷ್ಟು ಕಾಯಬೇಕು, ಅಳತೆ ಸರಿ ಬರದಿದ್ದಾಗ ಗೈಡ್ ಏನು ಹೇಳುತ್ತಾರೆ? ಹೊಂದದ ಫಲಿತಾಂಶವನ್ನು ಮುಚ್ಚಿಡು ಅನ್ನುವ ಲ್ಯಾಬ್ ಬೇಡ, ಬಿಟ್ಟುಬಿಡಿ.

ಬರೆಯುವಾಗ ಸಿಮ್ಯುಲೇಷನ್ ಮತ್ತು ಅಳತೆ ಎಲ್ಲಿ ಕೂಡಿಬರಲಿಲ್ಲ ಅಂತ ನೀವೇ ಹೇಳಿ, ಕಾರಣವನ್ನೂ ಕೊಡಿ. ಎಫ್‌ಆರ್4 (ಸಾಮಾನ್ಯ ಗಾಜುನಾರಿನ ಸರ್ಕ್ಯೂಟ್) ಬೋರ್ಡ್ ಆದರೆ ಡೈಎಲೆಕ್ಟ್ರಿಕ್ ಕಾನ್‌ಸ್ಟಂಟ್ ಒಂದೊಂದು ಬೋರ್ಡಿಗೆ ಒಂದೊಂದು ಥರ ಇರುತ್ತದೆ, ಅದನ್ನು ಅಳೆದು ಬರೆಯಿರಿ. "ಫ್ಯಾಬ್ರಿಕೇಷನ್ ದೋಷ" ಅಂತ ಒಂದೇ ಸಾಲಿನಲ್ಲಿ ತೇಲಿಸಿದರೆ ವಿಮರ್ಶಕರು ಹಿಡಿದೇ ಹಿಡಿಯುತ್ತಾರೆ.

ಪಿಎಚ್‌ಡಿ ನಂತರ ಪೋಸ್ಟ್‌ಡಾಕ್‌ಗೆ ನಿಮಗೆ ಬಾರದ ಕೆಲಸ ಬಲ್ಲ ಗುಂಪಿಗೆ ಹೋಗಿ. ಅಳತೆಯವರು ಕಂಪ್ಯುಟೇಷನಲ್ ಕಡೆಗೆ, ಕೋಡ್ ಬರೆದವರು ಲ್ಯಾಬಿಗೆ. ಬೋಧಕ ಹುದ್ದೆಗೆ ಮಾತುಕತೆ ಆಗುವಾಗ ಅನಲೈಸರ್ ಬೆಲೆಯೊಂದನ್ನೇ ಬರೆದುಕೊಡಬೇಡಿ. ಕ್ಯಾಲಿಬ್ರೇಷನ್ ಕಿಟ್, ಒಳ್ಳೆಯ ಕೇಬಲ್, ಅಬ್ಸಾರ್ಬರ್, ರಿಪೇರಿ ಖರ್ಚು ಎಲ್ಲವನ್ನೂ ಆಗಲೇ ಸೇರಿಸಿ ಕೇಳಿ. ಆಮೇಲೆ ಕೇಳುವುದು ಕಷ್ಟ.