ವಿಪತ್ತು ನಿರ್ವಹಣೆ ಓದಬೇಕಾ? ಫೀಸು ಕಟ್ಟುವ ಮೊದಲು ಇಷ್ಟು ಮಾಡಿ

ಜುಲೈಯಲ್ಲಿ ರೆಡ್ ಅಲರ್ಟ್ ಬಂದರೆ ಮಂಗಳೂರು, ಉಡುಪಿಯ ಮಕ್ಕಳಿಗೆ ಒಂದೇ ಪ್ರಶ್ನೆ: ಡಿಸಿ ರಜೆ ಕೊಟ್ಟರಾ? ರಜೆ ಕೊಡುವ ಆ ಕಚೇರಿಯಲ್ಲಿ ಅವತ್ತು ಬೇರೆ ಏನೆಲ್ಲ ನಡೆಯುತ್ತದೆ ಎಂಬುದೇ ವಿಪತ್ತು ನಿರ್ವಹಣೆಯ ಪಾಠ. ಹಗ್ಗ ಹಿಡಿದು ನೀರಿಗೆ ಇಳಿಯುವುದು ಇದರಲ್ಲಿ ಕಡಿಮೆ. ಫೋನು, ಪಟ್ಟಿ, ಸಹಿಯೇ ಜಾಸ್ತಿ. ಇದು ಬೋರು ಅನ್ನಿಸಿದರೆ ಬೇರೆ ಕೋರ್ಸ್ ನೋಡುವುದೇ ಒಳ್ಳೆಯದು.

ಮೊದಲು ಜಿಲ್ಲೆಯ ಯೋಜನೆ ಓದಿ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ ಪ್ರತಿ ಜಿಲ್ಲೆಗೂ ಒಂದು ಪ್ರಾಧಿಕಾರ ಇರಬೇಕು. ಅದಕ್ಕೆ ಡಿಸಿಯೇ ಅಧ್ಯಕ್ಷರು. ಜಿಲ್ಲೆಗೊಂದು ಲಿಖಿತ ಯೋಜನೆಯೂ ಇರಬೇಕು. ವೆಬ್‌ಸೈಟಿನಲ್ಲಿ ಸಿಗದಿದ್ದರೆ ಡಿಸಿ ಕಚೇರಿಗೆ ಹೋಗಿ ಕೇಳಿ. ನಿಮ್ಮ ಊರಿನ ಹೆಸರು ಅದರಲ್ಲಿ ಎಲ್ಲಿ ಬರುತ್ತದೆ, ಯಾವುದಕ್ಕೆ ಬರುತ್ತದೆ ಎಂದು ಹುಡುಕಿ. ನೆರೆಯೋ, ಕಡಲ್ಕೊರೆತವೋ, ಗುಡ್ಡ ಜರಿತವೋ?

ಎರಡನೆಯದು, ಒಂದು ಘಟನೆಯನ್ನು ಕಾಗದದ ಮೇಲೆ ಬಿಡಿಸುವುದು. ಇದಕ್ಕೆ ಸಮಯ ಕೊಡಿ. 2013ರಲ್ಲಿ ದಕ್ಷಿಣ ಕನ್ನಡದ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಉರುಳಿ ಬೆಂಕಿ ಹೊತ್ತಿಕೊಂಡಿತ್ತು, ಜೀವಗಳೂ ಹೋದವು. ಅಂಥದ್ದೇ ಟ್ಯಾಂಕರ್ ನಾಳೆ ನಿಮ್ಮ ಊರ ಹೆದ್ದಾರಿಯಲ್ಲಿ ಮಗುಚಿತು ಅಂದುಕೊಳ್ಳಿ. ಅಡುಗೆ ಅನಿಲ ಗಾಳಿಗಿಂತ ಭಾರ. ಮೇಲೆ ಹೋಗುವುದಿಲ್ಲ, ಚರಂಡಿ ಹಿಡಿದು ತಗ್ಗಿಗೆ ಹರಿಯುತ್ತದೆ. ಹಾಗಾಗಿ ತಗ್ಗಿನ ಮನೆಗಳಲ್ಲಿ ಒಲೆ ಆರಿಸಲು ಹೇಳುವವರು ಯಾರು? ಎರಡೂ ಕಡೆ ವಾಹನ ತಡೆಯುವವರು ಯಾರು? ಕರೆಂಟಿನ ಮೆಸ್ಕಾಂಗೆ ಫೋನ್ ಮಾಡಿ ಲೈನ್ ಆಫ್ ಮಾಡಿಸುವವರು ಯಾರು? ಮನೆ ಬಿಟ್ಟು ಬಂದವರಿಗೆ ರಾತ್ರಿ ಊಟ ಎಲ್ಲಿಂದ? ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2010ರಲ್ಲಿ ಹೊರಡಿಸಿದ ಮಾರ್ಗಸೂಚಿ ಈ ಕೆಲಸಗಳನ್ನು ಕಾರ್ಯಾಚರಣೆ, ಯೋಜನೆ, ಸಾಮಗ್ರಿ ಪೂರೈಕೆ ಎಂದು ಮೂರು ಪಾಲು ಮಾಡಿ, ಎಲ್ಲರ ಮೇಲೆ ಒಬ್ಬ ಕಮಾಂಡರನ್ನು ಇಡುತ್ತದೆ. ನಿಮ್ಮ ಉತ್ತರಗಳನ್ನು ಈ ಮೂರರಲ್ಲಿ ಹಾಕಿ ನೋಡಿ. ಯಾರ ಪಾಲಿಗೂ ಬಾರದ ಕೆಲಸ ಒಂದೆರಡಾದರೂ ಉಳಿಯುತ್ತವೆ. ಎಡವಟ್ಟಾಗುವುದು ಅಲ್ಲೇ.

ಬೆಂಕಿ ಆರಿದ ಮೇಲಿನ ಕೆಲಸವನ್ನೂ ಬರೆಯಿರಿ. 2010ರ ಮೇ 22ರಂದು ಮಂಗಳೂರಿನ ಕೆಂಜಾರಿನಲ್ಲಿ ವಿಮಾನ ಬಿದ್ದು 158 ಮಂದಿ ತೀರಿಕೊಂಡಾಗ, ಹಲವು ಶವಗಳ ಗುರುತಿಗೆ ಡಿಎನ್‌ಎ ಪರೀಕ್ಷೆಯೇ ಬೇಕಾಯಿತು. ಯಾರ ಶವವನ್ನು ಯಾರಿಗೆ ಕೊಟ್ಟೆವು ಎಂಬ ದಾಖಲೆ ತಪ್ಪಿದರೆ ಏನಾಗುತ್ತದೆ, ಯೋಚಿಸಿ. ಮನೆ ಬಿಟ್ಟು ಬಂದವರು ತಂಗುವ ಕಾಳಜಿ ಕೇಂದ್ರದ ರಿಜಿಸ್ಟರೂ ಹಾಗೆಯೇ. ಬರೇ ಹೆಸರು, ವಯಸ್ಸು ಸಾಲದು. ಶುಗರ್ ಮಾತ್ರೆ ಮನೆಯಲ್ಲೇ ಬಿಟ್ಟು ಬಂದ ಅಜ್ಜಿ, ತುಂಬು ಗರ್ಭಿಣಿ, ಇವರಿಗೆಲ್ಲ ಅದರಲ್ಲಿ ಒಂದು ಕಾಲಂ ಬೇಕಲ್ವಾ?

ಮೂರನೆಯದು ಕೋರ್ಸ್. ಇದ್ದ ಕೆಲಸ ಬಿಡದೆ ಓದುವವರಿಗೆ ದೂರಶಿಕ್ಷಣ ಕೊಡುವ ಇಗ್ನೋದ ಪಿಜಿ ಡಿಪ್ಲೊಮಾ ಸರಿ, ಯಾವ ಡಿಗ್ರಿಯಾದರೂ ಆಗುತ್ತದೆ. ಪೂರ್ತಿ ಇದಕ್ಕೇ ಇಳಿಯುವವರಿಗೆ ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ಪದವಿ ಇದೆ. ಸುಮ್ನೆ ರುಚಿ ನೋಡಲು ರಾಷ್ಟ್ರೀಯ ವಿಪತ್ತು ನಿರ್ವಹಣಾ ಸಂಸ್ಥೆಯ ಆನ್‌ಲೈನ್ ಪಾಠ ಸಾಕು. ಆಪದ ಮಿತ್ರ ಸ್ವಯಂಸೇವಕರ 12 ದಿನದ ತರಬೇತಿ ಸಿಕ್ಕಿದರೆ ಬಿಡಬೇಡಿ. ಪಣಂಬೂರು, ಬೈಕಂಪಾಡಿಯ ಕಾರ್ಖಾನೆಗಳಲ್ಲಿ ಸೇಫ್ಟಿ ಆಫೀಸರ್ ಆಗುವ ಲೆಕ್ಕಾಚಾರವಿದ್ದರೆ ದಾರಿಯೇ ಬೇರೆ. ಅದಕ್ಕೆ ಕೈಗಾರಿಕಾ ಸುರಕ್ಷತೆಯ ಡಿಪ್ಲೊಮಾ ಕೇಳುತ್ತಾರೆ.

ಅಡ್ಮಿಷನ್‌ಗೆ ಮೊದಲು ಕಾಲೇಜಿನವರನ್ನು ಒಂದು ಮಾತು ಕೇಳಿ: ಫೀಲ್ಡ್ ವರ್ಕ್ ಯಾವ ತಿಂಗಳು? ಜನವರಿ ಎಂದರೆ ನಮ್ಮ ಕರಾವಳಿಯ ಕಂಟ್ರೋಲ್ ರೂಮಿನಲ್ಲಿ ಕಲಿಯಲು ಅಷ್ಟೇನೂ ಸಿಗದು. ಜೂನ್‌ನಿಂದ ಆಗಸ್ಟ್ ಒಳಗೆ ಕೊಡಿಸಿ ಎಂದು ಪಟ್ಟು ಹಿಡಿಯಿರಿ.