ಹಳೆಯ ಪುಟಗಳನ್ನು ಟೈಪ್ ಮಾಡುವ ಕೆಲಸ ಉಳಿಸಿ

ಹಳೆಯ ಪುಸ್ತಕದ ಪುಟವನ್ನೋ ಅಚ್ಚಾದ ಸುತ್ತೋಲೆಯನ್ನೋ ಸುಮ್ನೆ ಕೂತು ಟೈಪ್ ಮಾಡಬೇಡಿ. ಫೋಟೋ ತೆಗೆದು ಗೂಗಲ್ ಡ್ರೈವ್‌ಗೆ ಹಾಕಿ. ಕಂಪ್ಯೂಟರ್‌ನಲ್ಲಿ ಆ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ, ‘ಓಪನ್ ವಿತ್’ನಲ್ಲಿ ಗೂಗಲ್ ಡಾಕ್ಸ್ ಆರಿಸಿ. ಚಿತ್ರದ ಕೆಳಗೆ ಬರಹವೆಲ್ಲ ತಿದ್ದಲು ಬರುವಂತೆ ಮೂಡಿರುತ್ತದೆ. ದುಡ್ಡು ಕೊಡಬೇಕಿಲ್ಲ. ಅಕ್ಷರದ ಆಕಾರ ಗುರುತಿಸುವ ಒಸಿಆರ್ ಡ್ರೈವ್‌ನಲ್ಲೇ ಇದೆ, ಕನ್ನಡವನ್ನೂ ಓದುತ್ತದೆ. ಫೋಟೋ ನೇರವಾಗಿರಲಿ, ನೆರಳು ಬೀಳದಿರಲಿ, 2 ಎಂಬಿ ಒಳಗಿರಲಿ. ಕೈಬರಹ ಕಷ್ಟ. ಕೋಷ್ಟಕ, ಎರಡು ಕಾಲಂ ಇದ್ದರೆ ಸಾಲುಗಳು ಕಲಸಿಹೋಗುತ್ತವೆ. ಒತ್ತಕ್ಷರ, ಅಂಕಿಗಳನ್ನಂತೂ ಮೂಲದ ಜೊತೆ ಹೋಲಿಸಿ ನೋಡಲೇಬೇಕು. ಸರ್ವೀಸ್ ದಾಖಲೆ, ಪಿಂಚಣಿ ಕಾಗದಗಳನ್ನು ಮಾತ್ರ ಹೀಗೆ ಆನ್‌ಲೈನ್‌ಗೆ ಹಾಕಬೇಡಿ.